ಅಕ್ಕ ಕೇಳಿದರೆ ‘ಆತ್ರಿ’ ಅನ್ನಬೇಕು

ಕುರ್ಲಾ ಕನ್ನಡ ಬಾಂಧವರ ಸೇವಾ ಸಂಘದ ಇತಿಹಾಸದಲ್ಲಿ ಅತ್ಯಂತ ಗಂಭೀರವಾದ ಚರ್ಚೆ ನಡೆದದ್ದು ಒಂದು ಹೆಸರಿನ ಬಗ್ಗೆ. ಕಾರ್ಯಕಾರಿ ಸಮಿತಿ ಅದಕ್ಕಾಗಿ ಮೂರು ಸಲ ಸೇರಿತು, ಮೂರು ಸಲವೂ ಬಟಾಟೆ ವಡೆ ತರಿಸಿತು. ಒಂದು ಸಲವಂತೂ ಇಬ್ಬರು ಹಿರಿಯ ಸದಸ್ಯರು ರಾಜೀನಾಮೆ ಕೊಟ್ಟು, ವಡೆ ಬಂದ ಮೇಲೆ ವಾಪಸು ತೆಗೆದುಕೊಂಡರು. ಹೆಸರು ಬೇಕಾಗಿದ್ದುದು ಮಗುವಿಗಲ್ಲ, ರಸ್ತೆಗಲ್ಲ, ಸಭಾಂಗಣಕ್ಕೂ ಅಲ್ಲ. ಟೆಲಿಫೋನಿನಲ್ಲಿ ಕನ್ನಡ ಮಾತಾಡುವ ಒಂದು ಯಂತ್ರಕ್ಕೆ.

ಕಾವೇರಿ ಎಂದಿಡೋಣ ಎಂದರು ಒಬ್ಬರು. ಯಾದಗಿರಿ, ಕಲಬುರ್ಗಿಯಿಂದ ಗಾರೆ ಕೆಲಸಕ್ಕೆ ಬಂದವರಿಗೆ ಕಾವೇರಿ ಯಾವ ಊರಿನ ನೀರು, ಕೃಷ್ಣಾ ಎನ್ನಿ ಎಂದರು ಇನ್ನೊಬ್ಬರು. ಕೃಷ್ಣಾ ಅಂದರೆ ಗಂಡಸು ಅಂದುಕೊಳ್ಳುತ್ತಾರೆ, ದನಿ ಹೆಂಗಸಿನದು ಎಂಬ ಆಕ್ಷೇಪ ಬಂತು. ದೇವಿಯ ಹೆಸರು ಎದ್ದಾಗ ಮಹಿಳಾ ವಿಭಾಗದ ವಸಂತಿಯವರು ತಡೆದರು. ಜನ ಎಲ್ಲೆಲ್ಲಿಂದಲೋ ಫೋನ್ ಮಾಡುತ್ತಾರೆ, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು, ಸಂಡಾಸಿನ ಸಾಲಿನಲ್ಲಿ ನಿಂತುಕೊಂಡು. ಅಮ್ಮನವರನ್ನು ಅಲ್ಲಿಗೆಲ್ಲ ಕಳಿಸುವುದು ಬೇಡ ಎಂದರು. ಅದು ಎಲ್ಲರಿಗೂ ಸರಿಯೆನಿಸಿತು. ಕೊನೆಗೆ ದಾರಿ ತೋರಿಸಿದವರು ಅಧ್ಯಕ್ಷ ಪ್ರಶಾಂತರು. ವಿಲೆ ಪಾರ್ಲೆಯಲ್ಲಿ ಎರಡು ಹೋಟೆಲುಗಳ ಧಣಿ, ಉಡುಪಿ ಕಡೆಯವರು, ಯಾವ ಚರ್ಚೆಯನ್ನಾದರೂ ಬಿಲ್ಲು ತಂದಿಟ್ಟ ಹಾಗೆ ಮುಗಿಸಬಲ್ಲವರು.

“ಬರುವ ಜನ ಎಲ್ಲ ನಮ್ಮ ಶಿವಕುಮಾರಿಯನ್ನು ಅಕ್ಕ ಅಂತಲೇ ಕರೆಯುವುದಲ್ಲ ಮಾರಾಯ್ರೆ. ಹೊಸತು ಎಂತಕ್ಕೆ? ಅದನ್ನೇ ಇಡುವ.”

ಶಿವಕುಮಾರಿ ಆಗ ಚಹಾದ ಲೋಟಗಳನ್ನು ಒಟ್ಟುಮಾಡುತ್ತಿದ್ದಳು. ಅಡ್ಡಿ ಉಂಟಾ ಎಂದು ಅವಳನ್ನು ಕೇಳಿದರು. ಅಡ್ಡಿ ಇಲ್ರಿ ಎಂದಳು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಈ ಶಿವಕುಮಾರಿ ಶಹಾಪುರದ ಕಡೆಯವಳು. ಸ್ಟೇಷನ್ನಿನ ಪೂರ್ವಕ್ಕೆ ಒಂದು ಹಳೆಯ ಚಾಳಿನ ಮೊದಲ ಮಾಳಿಗೆಯಲ್ಲಿರುವ ಸಂಘದ ಖೋಲಿಯಲ್ಲಿ ವರ್ಷಗಟ್ಟಲೆಯಿಂದ ಒಂದು ಕುರ್ಚಿ ಅವಳದು. ಕಟ್ಟಡದ ಕೆಲಸದವರು, ಗಟಾರದ ಕೆಲಸದವರು, ಅವರ ಹೆಂಡಂದಿರು ಅಲ್ಲಿಗೆ ಬರುತ್ತಿದ್ದರು. ಬಂದವರು ಏನೂ ಹೇಳುತ್ತಿರಲಿಲ್ಲ. ಏನಾಗ್ಯಾದ ಎಂದು ಕೇಳಿದರೆ ಏನಿಲ್ರಿ, ಹಿಂಗ ಬಂದಿದ್ವಿ ಎನ್ನುವರು. ಊಟ ಆತೇನು ಎಂದರೆ ಆತ್ರಿ ಎನ್ನುವರು. ಹೊಟ್ಟೆಯಲ್ಲಿ ನಿನ್ನೆಯಿಂದ ಏನೂ ಇಲ್ಲದಿದ್ದರೂ ಆತ್ರಿ. ಇದನ್ನು ಸುಳ್ಳು ಎನ್ನಲಾಗದು. ಕೇಳಿದವರಿಗೆ ಇನ್ನು ಒಲೆ ಹಚ್ಚುವ ತೊಂದರೆ ಬೇಡ ಎಂಬ ಮರ್ಯಾದೆ. ಶಿವಕುಮಾರಿ ನೀರು ಕೊಟ್ಟು, ತನ್ನ ಪಾಡಿಗೆ ತಾನು ಬಟಾಣಿ ಸುಲಿಯುತ್ತಲೋ, ಕಿಟಕಿಯಿಂದ ಲೋಕಲ್ ನೋಡುತ್ತಲೋ ಕೂತಿರುವಳು. ಬಂದವರು ಎದ್ದು ಬರ್ತೀವ್ರಿ ಎಂದು ಕೈಮುಗಿದು, ಬಾಗಿಲಿಗೆ ಹೋಗಿ, ಒಂದು ಚಪ್ಪಲಿ ಮೆಟ್ಟಿ, ಇನ್ನೊಂದಕ್ಕೆ ಕಾಲು ಹಾಕುವ ಮೊದಲು ನೆಲ ನೋಡುತ್ತ ಹೇಳುವರು: ಕಾಂಟ್ರಾಕ್ಟರ ಹೊಡ್ದಾನ್ರಿ. ಅಥವಾ, ಕೂಸು ಎರಡು ದಿವಸ ಆತು ಕಣ್ಣು ಬಿಟ್ಟಿಲ್ರಿ. ಆಮೇಲೆ ಕೆಲಸ ಶುರು. ಇದೊಂದು ಕ್ರಮ ಎಂದು ಶಿವಕುಮಾರಿಗೆ ಗೊತ್ತಿರಲಿಲ್ಲ. ಬಾಗಿಲು ಅಲ್ಲಿ ಇದೆ, ಚಪ್ಪಲಿ ಬಾಗಿಲಲ್ಲಿ ಇರುತ್ತವೆ, ಅಷ್ಟೇ.

ಯಂತ್ರ ಬಂದದ್ದು ಒಂದು ದೊಡ್ಡ ಕಂಪನಿಯ ಪರೋಪಕಾರದ ಹಣದಿಂದ. ಸಣ್ಣ ಸಂಘಸಂಸ್ಥೆಗಳಿಗೆ ಕಂಪ್ಯೂಟರಿನ ಅಕ್ಷರಾಭ್ಯಾಸ ಮಾಡಿಸಿ, ಕೃತಕ ಬುದ್ಧಿಮತ್ತೆಗೆ ಹೊಂದಿಕೊಳ್ಳುವಂತೆ ಮಾಡುವುದು ಆ ಪರೋಪಕಾರದ ಗುರಿ. ಕಲಿಸಲು ಬಂದವಳು ಯಕ್ಷಿತಾ. ತಾಯಿ ಕಾರ್ಕಳದವರು, ಇವಳು ಹುಟ್ಟಿ ಬೆಳೆದದ್ದು ಪಾರ್ಲೆಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಹಿಂದಿಯ ಕೈ ಹಿಡಿದುಕೊಂಡು ಬರುತ್ತದೆ. ಒಳ್ಳೆಯ ಹುಡುಗಿ. ಯಾರನ್ನೂ ಕೀಳಾಗಿ ನೋಡಲಿಲ್ಲ, ಚಾಳಿನ ಮೆಟ್ಟಿಲಿಗೆ ಮೂಗು ಮುಚ್ಚಿಕೊಳ್ಳಲಿಲ್ಲ. ಮೊದಲ ದಿನ ಯಂತ್ರದಿಂದ ಒಂದು ಸ್ವಾಗತ ಭಾಷಣ ಬರೆಸಿ ತೋರಿಸಿದಳು. ಅದು ಸಂಘದ ಕಾರ್ಯದರ್ಶಿಗಳು ಇಷ್ಟು ವರ್ಷ ಮಾಡುತ್ತ ಬಂದ ಭಾಷಣದ ತದ್ರೂಪವಾಗಿತ್ತು. ಹಾಗಾಗಿ ಯಂತ್ರದ ಮೇಲೆ ಎಲ್ಲರಿಗೂ ಕೂಡಲೇ ನಂಬಿಕೆ ಬಂತು.

ಶಿವಕುಮಾರಿಯ ಜೊತೆಗೆ ಅವಳು ಒಂದು ಇಡೀ ಮಧ್ಯಾಹ್ನ ಕೂತಳು.

“ಅಕ್ಕಾ, ಯಾರಾದ್ರೂ ಬಂದ್ರೆ ನೀವು ಎಕ್ಸಾಕ್ಟ್ಲಿ ಏನು ಮಾಡ್ತೀರಿ? ಮತ್ಲಬ್, ಒಂದೊಂದೇ ಸ್ಟೆಪ್ ಹೇಳಿ.”

“ಏನಿಲ್ರಿ. ಬಂದಾರ ಕೂಡ ಮಾತಾಡ್ತೀನಿ.”

“ಮತ್ತೆ?”

“ಮತ್ತೇನಿಲ್ರಿ.”

ಯಕ್ಷಿತಾ ಅದನ್ನು ‘ಆತ್ಮೀಯ ಸಂಭಾಷಣೆ’ ಎಂದು ಯಂತ್ರಕ್ಕೆ ತಿಳಿಸಿದಳು. ಊಟ ಆಯ್ತಾ ಎಂದು ಕೇಳುವುದನ್ನೂ ಸೇರಿಸಿದಳು. ಅದು ಅವಳ ಸ್ವಂತ ಸೇರ್ಪಡೆ, ಅದನ್ನು ಕಂಪನಿಯವರು ಬಹಳ ಮೆಚ್ಚಿಕೊಂಡರು. ಯಂತ್ರವೇ ಎಲ್ಲ ಮಾಡಿಬಿಡುವುದಿಲ್ಲ, ಕಷ್ಟದ ಕರೆಗಳು ನಿಮ್ಮ ಕಡೆಗೇ ಬರುತ್ತವೆ ಎಂದು ಧೈರ್ಯ ಹೇಳಿದಳು. ಮಾತು ಮುಗಿಯುವಾಗ ಯಂತ್ರ ನಿಮಗೆ ಸಹಾಯವಾಯಿತೇ ಎಂದು ಕೇಳುತ್ತದೆ. ಇಲ್ಲ ಎಂದವರ ಕರೆ ಶಿವಕುಮಾರಿಯ ಪರದೆಯ ಮೇಲೆ ಕೆಂಪಾಗಿ ಬರುತ್ತದೆ, ಹೌದು ಎಂದವರದು ಹಸಿರಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ ಕರೆಯನ್ನು ತೆರೆದು ಕೇಳಬೇಕೆಂದರೆ ಎಲ್ಲಿ ಒತ್ತಬೇಕು ಎಂದೂ ತೋರಿಸಿದಳು. ಒಮ್ಮೆ ತೋರಿಸಿ, ತಿಳೀತಾ ಅಕ್ಕಾ ಎಂದಳು. ಇಷ್ಟು ದೂರದಿಂದ ಬಂದು, ಬಿಸಿಲಲ್ಲಿ ಕೂತು, ಬೆರಳಿಟ್ಟು ತೋರಿಸಿದ ಹುಡುಗಿಗೆ ತಿಳಿಯಲಿಲ್ಲ ಎಂದು ಹೇಗೆ ಹೇಳುವುದು? ತಿಳೀತ್ರಿ ಎಂದಳು ಶಿವಕುಮಾರಿ. ಅವಳಿಗೆ ಒಂದು ಪ್ರಮಾಣಪತ್ರವೂ ಸಿಕ್ಕಿತು. ಅದರಲ್ಲಿ ಅವಳ ಹುದ್ದೆ ‘ಡಿಜಿಟಲ್ ರಾಯಭಾರಿ’ ಎಂದಿತ್ತು.

ಯಂತ್ರದ ನಂಬರು ಊರ ತುಂಬ ಕಟ್ಟುತ್ತಿರುವ ಬಿಲ್ಡಿಂಗುಗಳ ತಗಡಿನ ಗೋಡೆಗಳ ಮೇಲೆ ಹತ್ತಿತು. ಕರೆಗಳು ಬಂದವು. ಪರದೆ ಹಸಿರಾಯಿತು, ಹಸಿರಾಗಿಯೇ ಉಳಿಯಿತು. ಕೆಂಪು ಒಂದೂ ಬರಲಿಲ್ಲ. ಖೋಲಿಗೆ ಬರುವವರು ಕಡಿಮೆಯಾದರು, ಆಮೇಲೆ ನಿಂತರು. ಯಾರೂ ಬರವಲ್ರು ಎಂದು ಶಿವಕುಮಾರಿ ಅಧ್ಯಕ್ಷರಿಗೆ ಹೇಳಿದಳು. ಅದೇ ಅಲ್ಲವಾ ಯಶಸ್ಸು ಎಂದರು ಪ್ರಶಾಂತರು. ಅವಳು ಬಟಾಣಿ ಸುಲಿದಳು. ಈಗ ಬಟಾಣಿಗೂ ಬೇಗ ಮುಗಿಯುವ ರೋಗ ಹತ್ತಿತ್ತು.

ಒಂದು ಆಯಿತವಾರ, ಪಾರ್ಲೆಯ ಒಂದು ಬಿಲ್ಡಿಂಗಿನ ಕೆಲಸದಲ್ಲಿದ್ದ ಸಾಯಬಣ್ಣ ಎಂಬವನು ದಾದರ್‌ಗೆ ಹೋದ. ಸುರಪುರದ ಹತ್ತಿರದ ಹಳ್ಳಿಯವನು. ಊರಲ್ಲಿ ಅಜ್ಜಿಯ ಹತ್ತಿರ ಇರುವ ಮಗಳು ರಾಧಿಕಾಗೆ ಸಾಲೆಯ ಚೀಲ ಕೊಳ್ಳಬೇಕಿತ್ತು. ಅವನಿಗೆ ಆಗೀಗ ಮೂರ್ಛೆ ಬರುತ್ತಿತ್ತು. ದಾದರ್‌ನ ಸೇತುವೆಯ ಮೆಟ್ಟಿಲಲ್ಲಿ ಬಂತು, ತಲೆ ಕಲ್ಲಿಗೆ ಬಡಿಯಿತು. ಜನಜಂಗುಳಿಯಲ್ಲಿ ಫೋನ್ ಯಾರದೋ ಪಾಲಾಯಿತು. ಪೊಲೀಸರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನು ಹೆಸರಿಲ್ಲದ ಮನುಷ್ಯನಾಗಿ, ಎಚ್ಚರವಿಲ್ಲದೆ, ಆದರೆ ಉಸಿರಾಡುತ್ತ ಮಲಗಿದ್ದ. ಯಾರಾದರೂ ಬಂದು ಇವನು ಇಂಥವನು ಎನ್ನುವವರೆಗೆ ಅವನು ಯಾರೂ ಅಲ್ಲ.

ಅವನ ಹೆಂಡತಿ ಇಂದ್ರಾಬಾಯಿ, ಅದೇ ಬಿಲ್ಡಿಂಗಿನಲ್ಲಿ ಬುಟ್ಟಿ ಹೊರುವವಳು, ಸೋಮವಾರ ಸಂಜೆಯವರೆಗೆ ಕಾದಳು. ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಬಂಡೆಪ್ಪ, ಎಲ್ಲಿ ಹೋಗ್ತಾನ ಬಿಡು, ಕುಡುದು ಬಿದ್ದಿರಬೇಕು ಎಂದ. ಸಾಯಬಣ್ಣ ಕುಡಿಯುವವನಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆಮೇಲೆ ಕರುಣೆ ಬಂದು, ತಗಡಿನ ಮೇಲಿನ ನಂಬರನ್ನು ಅವಳ ಗುಂಡಿ ಫೋನಿನಲ್ಲಿ ಒತ್ತಿ ಕೊಟ್ಟ. ಕನ್ನಡದಾಗ ಮಾತಾಡ್ತಾರ, ಅಕ್ಕಾರ ಅದಾರ ಎಂದ.

“ನಮಸ್ಕಾರ. ನಾನು ಅಕ್ಕ ಮಾತನಾಡುತ್ತಿದ್ದೇನೆ. ಊಟ ಆಯಿತೇ?”

“ಆತ್ರಿ ಅಕ್ಕಾರ.” ಅವಳು ಆಯಿತವಾರ ಮಧ್ಯಾಹ್ನದ ಮೇಲೆ ಏನೂ ತಿಂದಿರಲಿಲ್ಲ.

ಮುಂದಿನದು ಹೀಗೆ ನಡೆಯಿತು. ರಾಧಿಕಾನ ಅಪ್ಪ ದಾದರಕ್ಕೆ ಹೋದವರು ಬಂದಿಲ್ಲ ಎಂದಳು ಇಂದ್ರಾಬಾಯಿ. ಅಕ್ಕ ಸರಿಯಾಗಿಯೇ ಅರ್ಥಮಾಡಿಕೊಂಡಿತು; ಗಂಡ ಕಾಣೆಯಾಗಿದ್ದಾನೆ. ತನಗೆ ತುಂಬಾ ದುಃಖವಾಗಿದೆ ಎಂದಿತು. ಅವರ ಹೆಸರು ಕೇಳಿತು. ಇಂದ್ರಾಬಾಯಿ ಅತ್ತಿತ್ತ ನೋಡಿದಳು. ಅವಳ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಮದುವೆಯಾದಂದಿನಿಂದ ಹೇಳಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರು ಹೇಳುತ್ತಾರೆ. ಬಂಡೆಪ್ಪ ಆಗಲೇ ನೀರಿನ ಟ್ಯಾಂಕರಿನ ಕಡೆ ಹೋಗಿದ್ದ. ಪರವಾಗಿಲ್ಲ, ಹೆಸರನ್ನು ನಂತರವೂ ಹೇಳಬಹುದು ಎಂದು ಅಕ್ಕ ಬಹಳ ನಯವಾಗಿ ಮುಂದೆ ಹೋಯಿತು. ಹತ್ತಿರದ ಪೊಲೀಸ್ ಠಾಣೆಗೆ ಹೋಗುವುದು, ಇತ್ತೀಚಿನ ಭಾವಚಿತ್ರ ಒಯ್ಯುವುದು, ರೈಲ್ವೆ ಪೊಲೀಸರನ್ನು ಕಾಣುವುದು, ಆಸ್ಪತ್ರೆಗಳಲ್ಲಿ ಗುರುತು ಸಿಗದ ರೋಗಿಗಳ ಬಗ್ಗೆ ವಿಚಾರಿಸುವುದು: ಎಲ್ಲವನ್ನೂ ಆಕಾಶವಾಣಿಯ ಕನ್ನಡದಲ್ಲಿ, ಒಂದು ಒತ್ತಕ್ಷರವೂ ಜಾರದಂತೆ ಹೇಳಿತು. ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಅದನ್ನೇ ಬರೆದು ಅವಳ ಫೋನಿಗೆ ಕಳಿಸಿತು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಧೈರ್ಯವಾಗಿರಿ. ನಾನು ಸದಾ ನಿಮ್ಮೊಂದಿಗಿದ್ದೇನೆ. ನಿಮಗೆ ಸಹಾಯವಾಯಿತೇ?”

“ಆತ್ರಿ ಅಕ್ಕಾರ. ಭಾಳ ಉಪಕಾರ ಆತು. ನಿಮ್ಮ ಹೊಟ್ಟಿ ತಣ್ಣಗಿರ್ಲಿ.”

ಕರೆ ಹಸಿರಾಯಿತು. ಕುರ್ಲಾದಲ್ಲಿ ಶಿವಕುಮಾರಿಯ ಪರದೆಯ ಮೇಲೆ ಇನ್ನೊಂದು ಹಸಿರು ಗೆರೆ ಸೇರಿದ್ದನ್ನು ಅವಳು ನೋಡಿದಳು. ಹಸಿರಿನ ಹಿಂದೆ ಏನಿದೆ ಎಂದು ನೋಡುವ ಗುಂಡಿ ಯಾವುದೆಂದು ಅವಳಿಗೆ ತಿಳಿದಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ತಿಳಿದಿದೆ ಎಂದು ಅವಳ ಪ್ರಮಾಣಪತ್ರ ಗೋಡೆಯ ಮೇಲೆ ಹೇಳುತ್ತಿತ್ತು.

ಇಂದ್ರಾಬಾಯಿ ಆ ರಾತ್ರಿ ಊಟ ಮಾಡಿದಳು. ಅಕ್ಕಾರಿಗೆ ಹೇಳಿಯಾಗಿದೆ, ಜೊತೆಗಿದ್ದೇನೆ ಎಂದಿದ್ದಾರೆ, ಹುಡುಕುವ ದಾರಿಯೆಲ್ಲ ಅವರಿಗೆ ಬಾಯಿಪಾಠ ಇದೆ. ಪೊಲೀಸು, ಆಸ್ಪತ್ರೆ, ಎಲ್ಲ ಹೆಸರೂ ಹೇಳಿದರು. ಅಂದರೆ ಅಲ್ಲೆಲ್ಲ ಹೋಗುತ್ತಾರೆ. ಇನ್ನು ದಿನಾ ಫೋನ್ ಮಾಡಿ ಕೇಳಿದರೆ ನಂಬಿಕೆ ಇಲ್ಲ ಎಂದಂತಾಗುತ್ತದೆ. ಅವಳು ಕಾದಳು. ಬುಟ್ಟಿ ಹೊತ್ತಳು, ಸಂಜೆ ತಗಡಿನ ಗೋಡೆಯ ಆಚೆ ರಸ್ತೆ ನೋಡಿದಳು. ಒಂದು ಸಲ ಬಂಡೆಪ್ಪ ಪೊಲೀಸರಲ್ಲಿಗೆ ಹೋಗೋಣ ಎಂದಾಗ, ಬ್ಯಾಡ್ರಿ, ಅಕ್ಕಾರು ನೋಡಾಕತ್ಯಾರ, ನಡುವ ನಾವು ಹೋದ್ರ ಅವರಿಗೆ ಬ್ಯಾಸರ ಆಗತೈತಿ ಎಂದಳು. ಬಂಡೆಪ್ಪನಿಗೂ ಸ್ಲ್ಯಾಬಿನ ಕೆಲಸ ತಲೆಯ ಮೇಲಿತ್ತು. ಅತ್ತ ನಡೆದ.

ಆಸ್ಪತ್ರೆಯಲ್ಲಿ ಸಾಯಬಣ್ಣ ಒಮ್ಮೆ ಕಣ್ಣು ತೆರೆದು ಏನೋ ಹೇಳಿದ. ಹತ್ತಿರ ಇದ್ದ ನರ್ಸಿಗೆ ಭಾಷೆ ತಿಳಿಯಲಿಲ್ಲ. ಒಂದು ವಾರ ಕಳೆದು ಅವನು ತೀರಿಕೊಂಡ.

ಅತ್ತ ಸಂಘದಲ್ಲಿ ಸಮಾರಂಭದ ತಯಾರಿ. ಬಂದ ಕರೆಗಳೆಲ್ಲ ನೂರಕ್ಕೆ ನೂರು ಬಗೆಹರಿದದ್ದು ಕಂಪನಿ ಯಂತ್ರ ಕೊಟ್ಟ ಉಳಿದ ಯಾವ ಸಂಸ್ಥೆಯಲ್ಲೂ ಆಗಿರಲಿಲ್ಲವಂತೆ. ಮರಾಠಿಯವರು ಗೊಣಗಿದ್ದರಂತೆ, ಗುಜರಾತಿಯವರು ಫೋನಿನಲ್ಲೇ ಬೈದಿದ್ದರಂತೆ, ನಮ್ಮವರು ಮಾತ್ರ ಒಬ್ಬರೂ ಇಲ್ಲ ಎಂದಿರಲಿಲ್ಲ. ಕನ್ನಡಿಗರ ಸಂಸ್ಕೃತಿ ಎಂದರು ಪ್ರಶಾಂತರು. ಪಾರ್ಲೆಯ ಒಂದು ಹಾಲ್‌ನಲ್ಲಿ ಸನ್ಮಾನ, ಊಟಕ್ಕೆ ಹೋಳಿಗೆ. ವೇದಿಕೆಯ ಮೇಲೆ ಫಲಾನುಭವಿ ಒಬ್ಬರು ಬೇಕು ಎಂದು ಕಂಪನಿಯವರು ಕೇಳಿದಾಗ, ಅತ್ಯಂತ ಸಂತೃಪ್ತ ಕರೆ ಯಾವುದು ಎಂದು ಯಕ್ಷಿತಾ ಯಂತ್ರವನ್ನೇ ವಿಚಾರಿಸಿದಳು. ಯಂತ್ರ ತಡಮಾಡದೆ ಇಂದ್ರಾಬಾಯಿಯ ಕರೆಯನ್ನು ಎತ್ತಿ ಕೊಟ್ಟಿತು. ಅಷ್ಟು ಹೃದಯ ತುಂಬಿ ಹರಸಿದವರು ಬೇರೆ ಯಾರೂ ಇರಲಿಲ್ಲ.

ಯಕ್ಷಿತಾ ಫೋನ್ ಮಾಡಿದಳು. ಅಕ್ಕನ ಕಡೆಯಿಂದ ಎಂದಳು. ಆಯಿತವಾರ ಪಾರ್ಲೆಯ ಹಾಲಿಗೆ ಬರಬೇಕು, ಚೆನ್ನಾಗಿರುವ ಸೀರೆ ಉಟ್ಟುಕೊಳ್ಳಿ, ನಿಮಗೆ ಒಂದು ಸರ್‌ಪ್ರೈಸ್ ಇದೆ ಎಂದಳು. ಕೊನೆಯ ಮಾತು ಇಂದ್ರಾಬಾಯಿಗೆ ತಿಳಿಯಲಿಲ್ಲ. ಉಳಿದದ್ದೆಲ್ಲ ತಿಳಿಯಿತು. ಅವಳು ಬಂಡೆಪ್ಪನಿಗೆ, ಸಿಕ್ಕಾರಂತ್ರಿ ಎಂದಳು.

ಆಯಿತವಾರ ಅವಳು ತವರಿನ ಹಸಿರು ಸೀರೆ ಉಟ್ಟು, ಗಂಡನ ಒಗೆದ ಅಂಗಿಯೊಂದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದಳು. ಇಷ್ಟು ದಿನ ಹೊರಗಿದ್ದವರು, ಮೈಮೇಲಿನದು ಹೊಲಸಾಗಿರುತ್ತದೆ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳು ತಿರುಗಿ ತಿರುಗಿ ಹಿಂದಿನ ಸಾಲುಗಳನ್ನು ನೋಡಿದಳು. ಕ್ಯಾಮೆರಾದವನು ನೇರ ಕೂಡ್ರಿ ಎಂದ. ಭಾಷಣಗಳಾದವು, ಅವುಗಳಲ್ಲಿ ಮೂರನ್ನು ಯಂತ್ರವೇ ಬರೆದಿತ್ತಾದ್ದರಿಂದ ಮೂರರಲ್ಲೂ ಕನ್ನಡದ ಕಂಪು ಒಂದೇ ದಿಕ್ಕಿಗೆ ಹರಡಿತು. ಆಮೇಲೆ ಅವಳ ಹೆಸರು ಕರೆದರು. ವಸಂತಿಯವರು ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪ್ರಶಾಂತರು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

“ಹೇಳಿ ಅಮ್ಮ, ನಮ್ಮ ಅಕ್ಕನಿಂದ ನಿಮ್ಮ ಕೆಲಸ ಆಯ್ತಲ್ಲ?”

ಇಂದ್ರಾಬಾಯಿ ಹಾಲ್‌ನ ಕೊನೆಯ ಸಾಲಿನವರೆಗೆ ಒಮ್ಮೆ ನೋಡಿದಳು. ಇಷ್ಟು ಜನ ದೊಡ್ಡವರು, ಇಷ್ಟು ದೀಪ, ಇಷ್ಟು ಹೂವು.

“ಆತ್ರಿ.”

ಚಪ್ಪಾಳೆ ಬಹಳ ಹೊತ್ತು ಬಿತ್ತು. ಕಂಪನಿಯಿಂದ ಬಂದಿದ್ದ, ಕನ್ನಡ ತಿಳಿಯದ ಮಹಿಳೆಯೊಬ್ಬರು ಕಣ್ಣು ಒರೆಸಿಕೊಂಡರು. ಊಟದ ಹೊತ್ತಿಗೆ ಇಂದ್ರಾಬಾಯಿ ಎಲೆಯ ಮುಂದೆ ಕೂರಲಿಲ್ಲ. ಊಟ ಆಯ್ತಾ ಎಂದು ದಾಟಿ ಹೋಗುವವರೆಲ್ಲ ಕೇಳಿದರು, ಆತ್ರಿ ಎಂದಳು. ಅವಳಿಗೆ ಇಬ್ಬರೂ ಕೂಡಿಯೇ ಉಣ್ಣಬೇಕಿತ್ತು. ಹಾಲ್ ಖಾಲಿಯಾಗತೊಡಗಿದಾಗ ಎದ್ದಳು.

ಬಾಗಿಲಲ್ಲಿ ಶಿವಕುಮಾರಿ ಎದೆಗೆ ರಾಯಭಾರಿಯ ಬಿಲ್ಲೆ ಸಿಕ್ಕಿಸಿಕೊಂಡು ನಿಂತಿದ್ದಳು. ಬಂದವರಿಗೆ ಹೂವು ಕೊಡುವುದು, ಹೋಗುವವರಿಗೆ ಕೈಮುಗಿಯುವುದು ಅವಳ ಅಂದಿನ ಕೆಲಸ. ಬರ್ತೀನ್ರಿ ಎಂದಳು ಇಂದ್ರಾಬಾಯಿ. ಶಿವಕುಮಾರಿ ಹಳೆಯ ರೂಢಿಯಂತೆ ಸುಮ್ಮನೆ ನಿಂತಳು. ಇಂದ್ರಾಬಾಯಿ ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದನ್ನು ಕಾಲಿನಿಂದ ಸರಿಸುತ್ತ, ನೆಲ ನೋಡುತ್ತ ಕೇಳಿದಳು.

“ಅವರನ್ನ ಯಾ ಕಡಿ ಕೂಡಿಸ್ಯಾರ್ರಿ?”

“ಯಾರನ್ನವ್ವಾ?”

ಆಗ ಎಲ್ಲ ಹೊರಗೆ ಬಂತು. ನಿಂತಲ್ಲೇ, ಒಂದೇ ಚಪ್ಪಲಿಯಲ್ಲಿ, ಮೆಲ್ಲಗೆ. ಶಿವಕುಮಾರಿ ಯಕ್ಷಿತಾಳನ್ನು ಕರೆದಳು. ಯಕ್ಷಿತಾ ತನ್ನ ಫೋನಿನಲ್ಲಿ ಆ ಕರೆಯನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದಳು, ಇನ್ನೊಮ್ಮೆ ಓದಿದಳು.

“ಅಕ್ಕಾ, ಅದು ಎಲ್ಲಾ ಕರೆಕ್ಟ್ ಹೇಳಿದೆ,” ಎಂದಳು. ಅವಳು ಸಮರ್ಥಿಸಿಕೊಳ್ಳುತ್ತಿರಲಿಲ್ಲ. ಎಲ್ಲಿ ತಪ್ಪಿದೆ ಎಂದು ಅವಳಿಗೆ ಸಿಗುತ್ತಿರಲಿಲ್ಲ, ಅಷ್ಟೇ.

ಪ್ರಶಾಂತರು ಕಂಪನಿಯವರನ್ನು ಕಾರಿನವರೆಗೆ ಬಿಡಲು ಹೋಗಿದ್ದರು. ಶಿವಕುಮಾರಿ ಬಿಲ್ಲೆ ತೆಗೆದು ಹೂವಿನ ತಟ್ಟೆಯಲ್ಲಿ ಇಟ್ಟು, ಇಂದ್ರಾಬಾಯಿಯ ಕೈ ಹಿಡಿದು ಸ್ಟೇಷನ್ನಿಗೆ ನಡೆದಳು. ದಾರಿಯಲ್ಲಿ, ನನ್ನ ಕೂಡ ಮಾತಾಡಿದ್ದು ನೀವ ಹೌದಲ್ರಿ ಎಂದು ಇಂದ್ರಾಬಾಯಿ ಕೇಳಿದಳು. ಅಲ್ಲ ಎನ್ನಬೇಕಿತ್ತು. ಹೂಂ ಎಂದಳು ಶಿವಕುಮಾರಿ. ಅಲ್ಲ ಎಂದರೆ ಮತ್ತೆ ಯಾರು ಎಂದು ಹೇಳಬೇಕಾಗುತ್ತಿತ್ತು. ಶಾಲು ಲೋಕಲ್‌ನ ಸೀಟಿನ ಮೇಲೆ ಉಳಿಯಿತು.

ದಾದರ್‌ನಲ್ಲಿ ಪೊಲೀಸರು ಗುರುತು ಸಿಗದವರ ಫೋಟೋಗಳನ್ನು ತೋರಿಸಿದರು. ಹುಡುಕುವುದು ಹೆಚ್ಚು ಹೊತ್ತಿನ ಕೆಲಸವಾಗಲಿಲ್ಲ. ಇವನು ಆಸ್ಪತ್ರೆಯಲ್ಲಿ ಅಷ್ಟು ದಿನ ಬದುಕಿದ್ದ, ಯಾರೂ ಕೇಳಿಕೊಂಡು ಬರಲಿಲ್ಲ ಎಂದು ಹವಾಲ್ದಾರ ಮರಾಠಿಯಲ್ಲಿ ಹೇಳಿದ. ಬೈಗುಳದಂತೆ ಹೇಳಲಿಲ್ಲ. ಶಿವಕುಮಾರಿ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ಇಂದ್ರಾಬಾಯಿಗೆ ಮರಾಠಿ ಅಷ್ಟು ಬರುತ್ತಿತ್ತು.

ಆಸ್ಪತ್ರೆಯ ಶವಾಗಾರದ ಗುಮಾಸ್ತ ಹೆಸರು ಕೇಳಿದ. ಶಿವಕುಮಾರಿಗೆ ಗೊತ್ತಿರಲಿಲ್ಲ. ಅಷ್ಟು ದೂರ ಜೊತೆಗೆ ಬಂದಿದ್ದರೂ ಕೇಳಿರಲಿಲ್ಲ. ಅವಳು ಇಂದ್ರಾಬಾಯಿಯ ಕಡೆ ನೋಡಿದಳು. ಗುಮಾಸ್ತ ಇನ್ನೊಮ್ಮೆ ಕೇಳಿದ, ಆಮೇಲೆ ಪೆನ್ನು ಎತ್ತಿ ಹಿಡಿದು ಮೂರನೇ ಸಲ ಕೇಳಿದ. ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಸಾಯಬಣ್ಣ,” ಎಂದಳು ಇಂದ್ರಾಬಾಯಿ.

ಒಗೆದ ಅಂಗಿ ಉಪಯೋಗಕ್ಕೆ ಬಂತು.

ಸೋಮವಾರ ಶಿವಕುಮಾರಿ ಯಕ್ಷಿತಾಳಿಗೆ ಫೋನ್ ಮಾಡಿ, ಆ ಕರೆಯನ್ನು ಕೆಂಪು ಮಾಡಲು ಬರುತ್ತದೆಯೇ ಎಂದು ಕೇಳಿದಳು. ಯಕ್ಷಿತಾ ಎರಡು ದಿನ ಪ್ರಯತ್ನಪಟ್ಟಳು, ಕಂಪನಿಗೂ ಬರೆದಳು. ಕರೆ ಮಾಡಿದವರೇ ಆಯಿತು ಎಂದದ್ದನ್ನು ಬೇರೆಯವರು ಬದಲಿಸಲು ವ್ಯವಸ್ಥೆಯಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ಉತ್ತರ ಬಹಳ ಸಹಾನುಭೂತಿಯಿಂದ ಕೂಡಿತ್ತು, ಓದಿದರೆ ಯಾರು ಬರೆದದ್ದು ಎಂದು ತಿಳಿಯುವಂತಿತ್ತು. ಸಮಿತಿ ಸಭೆಯಲ್ಲಿ ಶಿವಕುಮಾರಿ ವಿಷಯ ಎತ್ತಿದಳು. ಎಲ್ಲರೂ ಮರುಗಿದರು, ಎರಡು ನಿಮಿಷ ಎದ್ದು ನಿಂತರು. ಪ್ರಶಾಂತರು ನಿಜವಾಗಿಯೂ ನೊಂದುಕೊಂಡರು. ಇದು ಯಂತ್ರದ ತಪ್ಪಲ್ಲ, ನಮ್ಮ ಜನ ಬಾಯಿ ಬಿಟ್ಟು ಹೇಳಲು ಕಲಿಯಬೇಕು, ಅದಕ್ಕೊಂದು ತರಬೇತಿ ಇಡುವ ಎಂದರು. ವಡೆ ಬಂತು.

ಇಂದ್ರಾಬಾಯಿ ಊರಿಗೆ ಹೋದಳು. ಸಂಘಕ್ಕೆ ಎರಡನೇ ವರ್ಷದ ಅನುದಾನ ಮಂಜೂರಾಯಿತು. ಯಾರೂ ಬಾರದ ಖೋಲಿಯನ್ನು ಬಿಟ್ಟುಕೊಟ್ಟರು, ಶಿವಕುಮಾರಿಗೆ ಪ್ರಶಾಂತರ ಹೋಟೆಲಿನ ಭಟ್ಟಿಖಾನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು. ಇಲ್ಲಿ ಆರಾಮ ಅಲ್ಲವಾ ಎಂದು ಅವರು ಒಮ್ಮೆ ಕೇಳಿದರು. ಆರಾಮ್ರಿ ಎಂದಳು.

ಅಕ್ಕನಿಗೆ ಈಗಲೂ ಕರೆಗಳು ಬರುತ್ತವೆ. ಎಲ್ಲವೂ ಬಗೆಹರಿಯುತ್ತಿವೆ.